ಎತ್ತಿಸಿಕೊಂಡಿದ್ದು ಸಾಕು, ಎಣಿಸಿಕೊಳ್ಳೋಣ

ಕಲಬುರಗಿ ಶಹರ ಮತ್ತು ಕಮಲಾಪುರ ತಾಲ್ಲೂಕಿನ ಗಾಲಿಕುರ್ಚಿ ಬಳಗಕ್ಕೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಕೆಂಪು ಬಾಳೆಯ ಊರು ಕಮಲಾಪುರದಿಂದ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎರಡು ವರ್ಷದವಳಿದ್ದಾಗ ಪೋಲಿಯೊ ಕಾಲು ಕಸಿಯಿತು. ಕ್ಯಾಲಿಪರು, ಊರುಗೋಲುಗಳ ಮೇಲೆ ಬಹಳ ವರ್ಷ ನಡೆದೆ. ಭುಜ ಸೋತ ಮೇಲೆ ಗಾಲಿಕುರ್ಚಿಗೆ ಬಂದೆ. ಈಗ ಬ್ಯಾಟರಿ ಕುರ್ಚಿಯಲ್ಲಿ ಕೂತೇ ಬೋರ್ಡಿನ ಕೆಳಗಿನ ಅರ್ಧದಲ್ಲಿ ಲೆಕ್ಕ ಬರೆಯುತ್ತೇನೆ. ಮೇಲಿನ ಅರ್ಧ ಎಂಟನೇ ತರಗತಿಯ ಉದ್ದನೆಯ ಹುಡುಗರ ಪಾಲು.

ಈ ಪತ್ರಕ್ಕೆ ಕಾರಣ ಹೇಳಿಬಿಡುತ್ತೇನೆ. ಈಚೆಗೆ ಅಂಗವಿಕಲರ ಗುರುತಿನ ಚೀಟಿಯ, ಅಂದರೆ ಯುಡಿಐಡಿ ಕಾರ್ಡಿನ, ಶಿಬಿರದಲ್ಲಿ ಒಬ್ಬ ಹುಡುಗ ನನ್ನ ಕುರ್ಚಿಯ ಪಕ್ಕ ತನ್ನ ಕುರ್ಚಿ ತಂದು ನಿಲ್ಲಿಸಿ ಕೇಳಿದ: “ಟೀಚರ್, ನಮ್ಮಂಥೋರನ್ನ ವಿಮಾನದಾಗ ಬಿಡ್ತಾರೇನ್ರಿ? ಕುರ್ಚಿ ಎಲ್ಲಿ ಇಡ್ತಾರ? ಬ್ಯಾಟರಿ ತಗಸ್ತಾರಂತ, ಖರೇನ್ರಿ?” ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ನಕ್ಕರು: “ಬಸ್ಸು ಹತ್ತಾಕ ನಾಕು ಮಂದಿ ಬೇಕು, ಇಂವಗ ವಿಮಾನ ಬೇಕಂತ.” ಹುಡುಗನೂ ನಕ್ಕು ಸುಮ್ಮನಾದ. ಅವನ ಪ್ರಶ್ನೆಗೂ ಆ ನಗೆಗೂ ಉತ್ತರ ಕೊಡಬೇಕು ಅನ್ನಿಸಿತು. ಶಿಬಿರದ ಗದ್ದಲದಲ್ಲಿ ಆಗಲಿಲ್ಲ, ಇಲ್ಲಿ ಕೊಡುತ್ತಿದ್ದೇನೆ.

ಮೊದಲು ನಗೆಗೆ ಉತ್ತರ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಮಾತು ನಮ್ಮ ವಿಷಯದಲ್ಲಿ ಬೇಗ ಬಾಯಿಗೆ ಬರುತ್ತದೆ. ಆದರೆ ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಕಾಲಿದ್ದವರು ಈ ದೂರವನ್ನು ಒಂದು ರಾತ್ರಿಯ ನಿದ್ದೆ ಎಂದು ಎಣಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವರಿಗೆ ಗಂಟೆ ಅಂದರೆ ಚರ್ಮದ ಲೆಕ್ಕ. ಮಗ್ಗುಲು ಬದಲಿಸದೆ, ಒತ್ತಡ ಇಳಿಸದೆ ಕೂತ ಒಂದು ರಾತ್ರಿ ಒತ್ತುಹುಣ್ಣು ತರಬಹುದು. ಆ ಹುಣ್ಣು ಮಾಯಲು ತಿಂಗಳುಗಳು ಬೇಕು. ಅದೇ ದೂರ ವಿಮಾನದಲ್ಲಿ ಒಂದೂವರೆ ಗಂಟೆಯ ಮಾತು. ಹಾಗಾಗಿ ನಮಗೆ ವಿಮಾನ ಜುಟ್ಟಿನ ಮಲ್ಲಿಗೆಯಲ್ಲ, ಎಷ್ಟೋ ಸಲ ಅದೇ ಹಿಟ್ಟು. ಆಸ್ಪತ್ರೆ, ಸಂದರ್ಶನ, ತಂಗಿಯ ಮದುವೆ ಯಾವ ನೆಪವೂ ಇಲ್ಲದೆ ಮೋಡ ನೋಡಬೇಕು ಅನ್ನಿಸಿದರೂ ಹೋಗಬಹುದು. ಕಾಲಿದ್ದವರನ್ನು ಯಾರೂ ಕಾರಣ ಕೇಳುವುದಿಲ್ಲವಲ್ಲ.

ನಮ್ಮ ಕಲಬುರಗಿ ವಿಮಾನ ನಿಲ್ದಾಣದ ಕಥೆ ನಿಮಗೆ ಗೊತ್ತು. 2008ರಲ್ಲಿ ಅಡಿಗಲ್ಲು ಬಿತ್ತು. ಹನ್ನೊಂದು ವರ್ಷ ಕಾದ ಮೇಲೆ 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ಉದ್ಘಾಟನೆಯಾಗಿ ಬೆಂಗಳೂರಿಗೆ ಹಾರಾಟ ಶುರುವಾಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಆದರೆ ವಿಮಾನಗಳ ವೇಳಾಪಟ್ಟಿ ಬೆಣ್ಣೆತೊರೆಯ ಹಾಗೆ, ಒಮ್ಮೆ ತುಂಬುತ್ತದೆ, ಒಮ್ಮೆ ಬತ್ತುತ್ತದೆ. ಸಣ್ಣ ಊರುಗಳ ವಿಮಾನಗಳಿಗೆ ಕೇಂದ್ರ ಕೊಡುವ ಉಡಾನ್ ಯೋಜನೆಯ ನೆರವು ಒಂದು ಮಾರ್ಗಕ್ಕೆ ಕೆಲವು ವರ್ಷ ಮಾತ್ರ. ಆಮೇಲೆ ಕಂಪನಿ ತನ್ನ ಲಾಭ ನಷ್ಟ ನೋಡಿಕೊಳ್ಳುತ್ತದೆ. ಆದ್ದರಿಂದ ಹೊರಡುವ ಮುನ್ನ ವಿಮಾನ ಇದೆಯೋ ಇಲ್ಲವೋ ನೋಡಿಕೊಳ್ಳಿ. ಇಲ್ಲದಿದ್ದರೆ ಬೀದರ್ ಇದೆ, ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ಹೈದರಾಬಾದಿನ ಶಂಶಾಬಾದ್ ಇದೆ.

ಇನ್ನು ನನ್ನ ಮೊದಲ ಹಾರಾಟದ ಕಥೆ. ಯಾವ ಊರಿನ ನಿಲ್ದಾಣ, ಯಾವ ಕಂಪನಿ ಎಂದು ಹೇಳುವುದಿಲ್ಲ; ಅಲ್ಲಿ ದುಡಿಯುವ ಹುಡುಗರ ಹೊಟ್ಟೆಯ ಮೇಲೆ ಹೊಡೆಯುವ ಇರಾದೆ ನನಗಿಲ್ಲ. ಸಣ್ಣ ನಿಲ್ದಾಣ, ಸಣ್ಣ ವಿಮಾನ. ಟಿಕೆಟ್ ಕೊಳ್ಳುವಾಗ “ಗಾಲಿಕುರ್ಚಿ ಬೇಕು” ಎಂಬ ಚೌಕದಲ್ಲಿ ಗುರುತು ಹಾಕಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ವಿಮಾನದ ಬುಡದವರೆಗೆ ಎಲ್ಲ ಸುಸೂತ್ರ. ಅಲ್ಲಿ ಮೆಟ್ಟಿಲು. ಇಬ್ಬರು ಹುಡುಗರು ಬಂದರು, ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಮೊಣಕಾಲಿನ ಕೆಳಗೆ. ಜೋಳದ ಚೀಲ ಅಟ್ಟಕ್ಕೆ ಏರಿಸಿದ ಹಾಗೆ ಏರಿಸಿದರು. ಸೀರೆಯ ನೆರಿಗೆ ಬಿಚ್ಚಿತು. ಸೆರಗು ಹಿಡಿಯಲೋ, ಕಂಬಿ ಹಿಡಿಯಲೋ ತಿಳಿಯದೆ ಎರಡೂ ಬಿಟ್ಟು ಕಣ್ಣು ಮುಚ್ಚಿದೆ. ಹುಡುಗರು ಒಳ್ಳೆಯವರೇ. ಸೀಟಿನಲ್ಲಿ ಕೂರಿಸಿ “ಸಾರಿ ಅಮ್ಮಾ” ಅಂದರು. ಕೆಳಗೆ ಸಾಲಿನಲ್ಲಿ ನಿಂತಿದ್ದವರು ಮಾತ್ರ ನನ್ನನ್ನು ನೋಡುತ್ತಿದ್ದರು. ಇಳಿದಾಗ ಕುರ್ಚಿಯ ಒಂದು ಪಾದದ ಹಲಗೆ ಸೊಟ್ಟಗಾಗಿತ್ತು. ನನ್ನ ಬಳಿ ಮೊದಲಿನ ಫೋಟೊ ಇಲ್ಲ, ದೂರಿನ ಚೀಟಿ ಇಲ್ಲ. ಮನೆಗೆ ಬಂದು ವೆಲ್ಡಿಂಗ್ ಮಾಡಿಸಿಕೊಂಡೆ.

ಆ ಹುಡುಗರಿಗೆ ನಾನು ಇವತ್ತಿಗೂ ಕೃತಜ್ಞಳು. ಆದರೆ ಒಂದು ಮಾತು ಅಂದೇ ಮನಸ್ಸಿನಲ್ಲಿ ಗಟ್ಟಿಯಾಯಿತು. ಎತ್ತುವುದು ಉಪಕಾರ ಇರಬಹುದು, ವ್ಯವಸ್ಥೆ ಆಗಬಾರದು. ಎತ್ತುವವನ ಸೊಂಟ ಉಳುಕಬಹುದು, ಎತ್ತಿಸಿಕೊಂಡವಳ ಮೂಳೆ ಮುರಿಯಬಹುದು. ಮಾನದ ಮಾತು ಬೇರೆ.

ಮೆಟ್ಟಿಲಿಗೆ ಪರಿಹಾರ ಇಲ್ಲವೇ? ಇದೆ. ದೊಡ್ಡ ನಿಲ್ದಾಣಗಳಲ್ಲಿ ಏರೋಬ್ರಿಡ್ಜ್ ಇರುತ್ತದೆ, ಕುರ್ಚಿ ವಿಮಾನದ ಬಾಗಿಲವರೆಗೆ ಉರುಳಿಕೊಂಡೇ ಹೋಗುತ್ತದೆ. ಇಲ್ಲದ ಕಡೆ ಮೆಟ್ಟಿಲ ಬದಲು ಉದ್ದನೆಯ ಇಳಿಜಾರು ಜೋಡಿಸಬಹುದು. ಇಂಡಿಗೋ ಇದನ್ನು ಹಲವು ಕಡೆ ಬಳಸುತ್ತದೆ. ಮೂರನೆಯದು ಆಂಬುಲಿಫ್ಟ್: ಲಾರಿಯ ಮೇಲಿನ ಕೋಣೆಯಂಥದ್ದು, ನಮ್ಮನ್ನು ಕುರ್ಚಿಯ ಸಮೇತ ವಿಮಾನದ ಬಾಗಿಲ ಮಟ್ಟಕ್ಕೆ ಏರಿಸುತ್ತದೆ. ವಿಮಾನ ನಿಲ್ದಾಣ ಪ್ರಾಧಿಕಾರ ಸಣ್ಣ ನಿಲ್ದಾಣಗಳಿಗೆಂದೇ ದೇಶದಲ್ಲೇ ತಯಾರಾದ ಇಂಥ 20 ವಾಹನ ಕೊಂಡಿತು. ಒಂದಕ್ಕೆ 63 ಲಕ್ಷ ರೂಪಾಯಿ. ಒಂದು ಸಲಕ್ಕೆ ಆರು ಗಾಲಿಕುರ್ಚಿ, ಎರಡು ಸ್ಟ್ರೆಚರ್ ಹಿಡಿಸುತ್ತದೆ. 2022ರಲ್ಲಿ ಹೊರಬಂದ ಆ ಪಟ್ಟಿಯಲ್ಲಿ ಬೆಳಗಾವಿ ಇತ್ತು, ಹುಬ್ಬಳ್ಳಿ ಇತ್ತು, ದರ್ಭಾಂಗಾ, ಲೇಹ್ ಕೂಡ ಇದ್ದವು. ಕಲಬುರಗಿಯ ಹೆಸರಿರಲಿಲ್ಲ. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ನೌಕರಿಯಲ್ಲಿ ಪಾಲು ಕೊಟ್ಟಿದೆ, ಕಾಲೇಜಿನ ಸೀಟಿನಲ್ಲಿ ಪಾಲು ಕೊಟ್ಟಿದೆ. ಮೆಟ್ಟಿಲಿನ ಬಗ್ಗೆ ಅದರಲ್ಲಿ ಏನೂ ಬರೆದಿಲ್ಲ.

ಆ ಪಟ್ಟಿಯಲ್ಲಿ ನಮ್ಮ ಹೆಸರು ಯಾಕಿರಲಿಲ್ಲ ಎಂದು ಸಿಟ್ಟಾಗುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಕಚೇರಿಯವರ ಲೆಕ್ಕ ಸರಳ: “ನಿಮ್ಮ ಕಡೆಯಿಂದ ಗಾಲಿಕುರ್ಚಿಯವರು ಎಷ್ಟು ಮಂದಿ ಬರ್ತಾರ್ರಿ?” ನಾವು ಹೋಗುವುದಿಲ್ಲ, ಏಕೆಂದರೆ ಲಿಫ್ಟ್ ಇಲ್ಲ. ಲಿಫ್ಟ್ ತರುವುದಿಲ್ಲ, ಏಕೆಂದರೆ ನಾವು ಹೋಗುವುದಿಲ್ಲ. ಗಣಿತದಲ್ಲಿ ಇಂಥದ್ದಕ್ಕೆ ಉತ್ತರ ಸಿಗಬೇಕಾದರೆ ಹೊರಗಿನಿಂದ ಒಂದು ಸಂಖ್ಯೆ ಬರಬೇಕು. ಆ ಸಂಖ್ಯೆ ನಾವು. 2011ರ ಜನಗಣತಿ ಕರ್ನಾಟಕದಲ್ಲಿ ಅಂಗವೈಕಲ್ಯ ಉಳ್ಳವರು 13.24 ಲಕ್ಷ ಎಂದು ಎಣಿಸಿತು. ಆ 13.24 ಲಕ್ಷದಲ್ಲಿ ಎಷ್ಟು ಜನ ವಿಮಾನದ ಬುಡದಲ್ಲಿ ನಿಂತು ಮೇಲೆ ನೋಡಿದರು ಎಂಬುದು ಯಾವ ಜನಗಣತಿಯಲ್ಲೂ ಬರುವುದಿಲ್ಲ. ಅದನ್ನು ನಾವೇ ಬರೆಸಬೇಕು.

ಬರೆಸಲು ನಮಗೆ ಹಕ್ಕಿದೆಯೇ ಎಂದು ಕೇಳಿದರೆ, ಬೇರೆಯವರು ಅದನ್ನು ಆಗಲೇ ಗಳಿಸಿ ಕೊಟ್ಟಿದ್ದಾರೆ. ಸ್ವತಃ ಗಾಲಿಕುರ್ಚಿಯಲ್ಲಿದ್ದ ಜಾವೇದ್ ಅಬಿದಿ ಸುಪ್ರೀಂ ಕೋರ್ಟಿಗೆ ಹೋದರು. 1998ರ ತೀರ್ಪಿನಿಂದ ಶೇ 80 ಅಥವಾ ಅದಕ್ಕೂ ಹೆಚ್ಚು ಚಲನವೈಕಲ್ಯ ಇದ್ದವರಿಗೆ ಅಂದಿನ ಇಂಡಿಯನ್ ಏರ್‌ಲೈನ್ಸಿನಲ್ಲಿ ಅರ್ಧ ದರದ ರಿಯಾಯಿತಿ ಸಿಕ್ಕಿತು. ಆಂಬುಲಿಫ್ಟ್, ವಿಮಾನದೊಳಗಿನ ಇಕ್ಕಟ್ಟು ದಾರಿಗೆ ಬೇಕಾದ ಸಣ್ಣ ಕುರ್ಚಿ ಮುಂತಾದ ಮಾತುಗಳು ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ ಗಂಭೀರವಾಗಿ ಚರ್ಚೆಯಾದವು. 2012ರ ಫೆಬ್ರವರಿ 19ರಂದು ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಕೋಲ್ಕತ್ತದಿಂದ ಗೋವಾದ ಸಮ್ಮೇಳನಕ್ಕೆ ಹೊರಟಿದ್ದರು. ಸೀಟಿನಲ್ಲಿ ಕೂತಿದ್ದ ಅವರನ್ನು ಸ್ಪೈಸ್‌ಜೆಟ್ ಸಿಬ್ಬಂದಿ ಕೆಳಗಿಳಿಸಿದರು. ಆಕೆ ಬಿಡಲಿಲ್ಲ. 2016ರ ಮೇ 12ರಂದು ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರ ಮೇ 7ರಂದು ರಾಂಚಿಯಲ್ಲಿ ಒಬ್ಬ ವಿಶೇಷ ಅಗತ್ಯದ ಬಾಲಕನನ್ನು ಇಂಡಿಗೋ ಹತ್ತಿಸಿಕೊಳ್ಳಲಿಲ್ಲ. ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 5 ಲಕ್ಷ ದಂಡ ಹಾಕಿತು. ಅದೇ ಜುಲೈನಲ್ಲಿ ನಿಯಮ ಬಿಗಿಯಾಯಿತು: ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ, ಹಾರಾಟದಲ್ಲಿ ಆರೋಗ್ಯ ಕೆಡಬಹುದು ಅನ್ನಿಸಿದರೆ ವೈದ್ಯರು ಎದುರಿಗೆ ಬಂದು ನೋಡಬೇಕು, ಬೇಡ ಎಂದರೆ ಕಾರಣವನ್ನು ಬರೆದು ಕೊಡಬೇಕು.

2024ರ ಫೆಬ್ರವರಿ 12ರ ಮುಂಬೈ ಇನ್ನೂ ಕಠೋರ. ನ್ಯೂಯಾರ್ಕ್‌ನಿಂದ ಬಂದ ವೃದ್ಧ ದಂಪತಿ ಎರಡು ಗಾಲಿಕುರ್ಚಿ ಮೊದಲೇ ಕೇಳಿದ್ದರು. ಬಂದದ್ದು ಒಂದು. ಅದರಲ್ಲಿ ಹೆಂಡತಿಯನ್ನು ಕೂರಿಸಿ 80 ವರ್ಷದ ಗಂಡ ಪಕ್ಕದಲ್ಲಿ ನಡೆದ. ವಲಸೆ ತಪಾಸಣೆಯ ಬಳಿ ಕುಸಿದು ಬಿದ್ದವ ಮತ್ತೆ ಏಳಲಿಲ್ಲ. ಏರ್ ಇಂಡಿಯಾಕ್ಕೆ 30 ಲಕ್ಷ ದಂಡ ಬಿತ್ತು. ಲೆಕ್ಕದ ಟೀಚರ್ ನಾನು, ಕೂಡಿಸದೆ ಇರಲಾರೆ: 10, 5, 30 ಸೇರಿ 45 ಲಕ್ಷ. ಒಂದು ಆಂಬುಲಿಫ್ಟಿಗೆ ಇನ್ನು 18 ಲಕ್ಷ ಮಾತ್ರ ಕಡಿಮೆ. ಮೊದಲೇ ಖರ್ಚು ಮಾಡಿದ್ದರೆ ಒಂದು ಜೀವ, ಒಂದು ಮಗುವಿನ ಕಣ್ಣೀರು, ಒಬ್ಬ ಹೆಣ್ಣುಮಗಳ ನಾಲ್ಕು ವರ್ಷದ ಕೋರ್ಟು ಅಲೆದಾಟ ಉಳಿಯುತ್ತಿತ್ತು.

ಇವೆಲ್ಲದರ ಬೆನ್ನಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಮೂರನ್ನೂ ಹೆಸರು ಹಿಡಿದು ಹೇಳುತ್ತದೆ. ಪ್ರವೇಶಸೌಲಭ್ಯದ ಮಾನದಂಡಗಳು ಬರಿಯ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಕೌಂಟರಿನ ಮುಂದೆ “ಸ್ವಲ್ಪ ದಯಮಾಡಿ ಸಾಹೇಬ್ರ” ಎಂದು ಶುರುಮಾಡಬೇಡಿ. “ನಮಸ್ಕಾರ, ನಾನು ಮೊದಲೇ ಬರೆದು ತಿಳಿಸಿದ್ದೆ” ಎಂದು ಶುರುಮಾಡಿ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಒಂದೊಂದಾಗಿ ಹೇಳುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು, 48 ಗಂಟೆ. ಡಿಜಿಸಿಎ ನಿಯಮದಂತೆ ನಮ್ಮ ಅಗತ್ಯವನ್ನು ಹೊರಡುವ 48 ಗಂಟೆ ಮೊದಲು ಕಂಪನಿಗೆ ತಿಳಿಸಬೇಕು. ಫೋನಿನಲ್ಲಿ ಹೇಳಿ, ಆದರೆ ಇಮೇಲಿನಲ್ಲೂ ಕಳಿಸಿ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಬರಿಯ “ವೀಲ್‌ಚೇರ್ ಬೇಕು” ಅನ್ನಬೇಡಿ; ನಾನು ಮಾಡಿದ ತಪ್ಪು ಅದೇ. ಅವರ ಭಾಷೆಯಲ್ಲಿ ಮೂರು ಗುರುತುಗಳಿವೆ. ದೂರ ನಡೆಯುವುದು ಕಷ್ಟ, ಆದರೆ ಮೆಟ್ಟಿಲು ಹತ್ತಬಲ್ಲಿರಿ ಎಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಆಗದು, ವಿಮಾನದೊಳಗೆ ನಾಲ್ಕು ಹೆಜ್ಜೆ ಹಾಕಬಲ್ಲಿರಿ ಎಂದರೆ ಡಬ್ಲ್ಯುಸಿಎಚ್‌ಎಸ್. ಒಂದು ಹೆಜ್ಜೆಯೂ ಆಗದು, ಸೀಟಿನವರೆಗೂ ನೆರವು ಬೇಕು ಎಂದರೆ ಡಬ್ಲ್ಯುಸಿಎಚ್‌ಸಿ. ಕೊನೆಯ ಅಕ್ಷರ ತಪ್ಪಿದರೆ ಮೆಟ್ಟಿಲ ಬುಡದಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಅದೇ ಪತ್ರದಲ್ಲಿ ಕೇಳಿ: ಆ ದಿನ ಏರೋಬ್ರಿಡ್ಜ್, ಇಳಿಜಾರು, ಆಂಬುಲಿಫ್ಟ್ ಮೂರರಲ್ಲಿ ಯಾವುದು ಸಿಗುತ್ತದೆ? ಉತ್ತರ ಬರಲಿ, ಬಾರದಿರಲಿ, ನಿಮ್ಮ ಪ್ರಶ್ನೆ ದಾಖಲೆಯಲ್ಲಿ ಉಳಿಯುತ್ತದೆ. ಹತ್ತಲು ಇಳಿಯಲು ನೆರವು ಮಾತ್ರ ಬೇಕಾದವರಿಂದ ವೈದ್ಯರ ಪ್ರಮಾಣಪತ್ರ ಕೇಳುವಂತಿಲ್ಲ. ಟರ್ಮಿನಲ್ಲಿನಿಂದ ವಿಮಾನದವರೆಗೆ, ಇಳಿದ ಮೇಲೆ ಹೊರಬಾಗಿಲವರೆಗೆ ತಲುಪಿಸುವುದು ಕಂಪನಿಯ ಹೊಣೆ, ಅದಕ್ಕೆ ಬೇರೆ ದುಡ್ಡಿಲ್ಲ.

ಎರಡನೆಯದು, ಬ್ಯಾಟರಿ. ಇದು ನನ್ನ ಪ್ರಿಯವಾದ ಲೆಕ್ಕ. ಬ್ಯಾಟರಿಯ ಮೇಲೆ ವೋಲ್ಟ್ ಎಷ್ಟು, ಆಂಪಿಯರ್ ಅವರ್ ಎಷ್ಟು ಎಂದು ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್ ಅವರ್. ಕಳಚಬಹುದಾದ ಲಿಥಿಯಂ ಬ್ಯಾಟರಿಗೆ ಅಂತರರಾಷ್ಟ್ರೀಯ ನಿಯಮದ ಮಿತಿ 300 ವ್ಯಾಟ್ ಅವರ್. ಎರಡು ಬ್ಯಾಟರಿಯ ಕುರ್ಚಿಯಾದರೆ ಒಂದೊಂದು 160 ಮೀರಬಾರದು. 24 ವೋಲ್ಟ್, 12 ಆಂಪಿಯರ್ ಅವರ್ ಎಂದಿದ್ದರೆ 288, ಪಾಸು. 24 ವೋಲ್ಟ್, 20 ಎಂದಿದ್ದರೆ 480, ಫೇಲು. ಕಳಚಿದ ಲಿಥಿಯಂ ಬ್ಯಾಟರಿ ಸಾಮಾನಿನ ಜೊತೆ ಕೆಳಗೆ ಹೋಗಕೂಡದು, ನಿಮ್ಮ ಜೊತೆ ಮೇಲೆ ಬರಬೇಕು. ಕಾರಣ ಇಷ್ಟೇ: ಲಿಥಿಯಂ ಹೊತ್ತಿಕೊಂಡರೆ ಕಣ್ಣೆದುರಿಗೆ ಇದ್ದಾಗ ಆರಿಸಬಹುದು, ಸಾಮಾನಿನ ಗೂಡಿನಲ್ಲಿ ಕೈಗೆಟುಕದು. ಕುರ್ಚಿಯಿಂದ ಕಳಚಲಾಗದಂತೆ, ಪೆಟ್ಟು ಬೀಳದಂತೆ ಒಳಗೇ ಭದ್ರವಾಗಿ ಕೂರಿಸಿದ ಬ್ಯಾಟರಿಯ ನಿಯಮ ಬೇರೆ. ಅದು ಕುರ್ಚಿಯ ಜೊತೆಗೇ ಹೋಗಬಹುದು. ಸೋರದ ಜೆಲ್ ಬ್ಯಾಟರಿಯೂ ಅಷ್ಟೆ, ಸಂಪರ್ಕ ತಪ್ಪಿಸಿ ತುದಿಗಳನ್ನು ಮುಚ್ಚಿರಬೇಕು. ಬ್ಯಾಟರಿಯ ಚೀಟಿಯ ಫೋಟೊವನ್ನು 48 ಗಂಟೆಯ ಪತ್ರಕ್ಕೇ ಲಗತ್ತಿಸಿ, ಕಂಪನಿಯ ಒಪ್ಪಿಗೆಯನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಗೇಟಿನಲ್ಲಿ ನಿಂತ ಹುಡುಗಿಗೆ ಈ ಗುಣಾಕಾರ ಗೊತ್ತಿರಬೇಕೆಂದು ನಿರೀಕ್ಷಿಸಬೇಡಿ.

ಪೆಟ್ರೋಲಿನ ಪಕ್ಕಗಾಲಿ ಸ್ಕೂಟರು ವಿಮಾನದಲ್ಲಿ ಸಾಮಾನಾಗಿ ಹೋಗುವುದಿಲ್ಲ, ಆಸೆ ಬೇಡ. ಕಾನ್ಪುರದ ಅಲಿಮ್ಕೊ ಕಾರ್ಖಾನೆಯಿಂದ ಬರುವ ಬ್ಯಾಟರಿ ತ್ರಿಚಕ್ರವೂ ಸಣ್ಣ ವಿಮಾನದ ಸಾಮಾನು ಬಾಗಿಲಲ್ಲಿ ತೂರುವುದು ಕಷ್ಟ. ಬೋಯಿಂಗ್ 737ರಂಥ ದೊಡ್ಡ ವಿಮಾನದಲ್ಲೇ ಮುಂದಿನ ಸಾಮಾನು ಬಾಗಿಲ ಎತ್ತರ 90 ಸೆಂಟಿಮೀಟರ್ ದಾಟುವುದಿಲ್ಲ. ನಿಮ್ಮ ಕುರ್ಚಿಯ ಬೆನ್ನು ಮಡಚದಿದ್ದರೆ ಅದನ್ನು ಮಗ್ಗುಲಾಗಿ ಮಲಗಿಸಿ ತುರುಕುತ್ತಾರೆ. ಮುರಿಯುವುದು ಅಲ್ಲೇ. ಉದ್ದ, ಅಗಲ, ಎತ್ತರ, ತೂಕ ನಾಲ್ಕನ್ನೂ ಅಳೆದು ಮೊದಲೇ ತಿಳಿಸಿ.

ಮೂರನೆಯದು, ಕುರ್ಚಿಯ ಜೋಪಾನ. ಕುರ್ಚಿಗೆ ಟಿಕೆಟಿಲ್ಲ, ಅದು ಪುಕ್ಕಟೆ ಹೋಗುತ್ತದೆ. ವಿಮಾನದ ಬಾಗಿಲವರೆಗೆ ಅದರಲ್ಲೇ ಹೋಗುತ್ತೇನೆ, ಇಳಿದಾಗ ಬಾಗಿಲಿಗೇ ತಂದು ಕೊಡಿ ಎಂದು ಕೇಳಿ. ಕೊಡುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಪಾದದ ಹಲಗೆ, ಕೈಹಲಗೆ, ಜಾಯ್‌ಸ್ಟಿಕ್, ಕೂರುವ ದಿಂಬು ಕಳಚಿ ಚೀಲದಲ್ಲಿ ಜೊತೆಗಿಟ್ಟುಕೊಳ್ಳಿ. ಆ ದಿಂಬನ್ನು ವಿಮಾನದ ಸೀಟಿನ ಮೇಲೆ ಹಾಕಿ ಕೂತರೆ ಚರ್ಮವೂ ಉಳಿಯುತ್ತದೆ. ಕುರ್ಚಿಗೆ ಒಂದು ಚೀಟಿ ಕಟ್ಟಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ: ಎಲ್ಲಿ ಹಿಡಿದು ಎತ್ತಬೇಕು, ಎಲ್ಲಿ ಹಿಡಿಯಬಾರದು, ಗಾಲಿ ಬಿಡಿಸುವ ಹಿಡಿ ಎಲ್ಲಿದೆ. ಆ ಹಿಡಿ ಗೊತ್ತಿಲ್ಲದೆ ಮೋಟಾರಿನ ಕುರ್ಚಿಯನ್ನು ದಬ್ಬಿದರೆ ಗೇರು ಹೋಗುತ್ತದೆ. ಸಾಮಾನು ಏರಿಸುವವರು ಕುರ್ಚಿಯ ಶತ್ರುಗಳಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಆದರೂ ಮುರಿದರೆ? ನಿಲ್ದಾಣದ ಹೊಸ್ತಿಲು ದಾಟುವ ಮುನ್ನ ದೂರು ಬರೆಸಿ, ಸಂಖ್ಯೆ ಪಡೆಯಿರಿ. ಹಾನಿಯ ಬಗ್ಗೆ ಲಿಖಿತ ದೂರಿಗೆ ಏಳು ದಿನದ ಗಡುವಿದೆ. ಒಂದು ಕಹಿ ಸತ್ಯವೂ ತಿಳಿದಿರಲಿ: ಒಳನಾಡಿನ ಹಾರಾಟದಲ್ಲಿ ಸಾಮಾನಿನ ನಷ್ಟಕ್ಕೆ ಕಂಪನಿಯ ಹೊಣೆ ಒಬ್ಬರಿಗೆ 20,000 ರೂಪಾಯಿಗೆ ನಿಲ್ಲುತ್ತದೆ. ಲಕ್ಷ ರೂಪಾಯಿಯ ಕುರ್ಚಿಯನ್ನು ಕಾನೂನು ಸೂಟ್‌ಕೇಸಿನ ಸಾಲಿನಲ್ಲಿ ನಿಲ್ಲಿಸಿದೆ. ಅದಕ್ಕೇ ಬೆಲೆಬಾಳುವ ಕುರ್ಚಿಯಾದರೆ ಚೆಕ್‌ಇನ್‌ನಲ್ಲಿ ಅದರ ಬೆಲೆಯನ್ನು ವಿಶೇಷವಾಗಿ ಘೋಷಿಸುವ ದಾರಿ ಬಳಸಿ; ಸ್ವಲ್ಪ ಹೆಚ್ಚುವರಿ ಶುಲ್ಕ ಇರಬಹುದು. ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದಲ್ಲಿ 2023ರ ಒಂದೇ ವರ್ಷ 11,000ಕ್ಕೂ ಹೆಚ್ಚು ಗಾಲಿಕುರ್ಚಿ, ಸ್ಕೂಟರುಗಳು ವಿಮಾನ ಕಂಪನಿಗಳ ಕೈಯಲ್ಲಿ ಹಾಳಾದವು, ಕಳೆದವು ಅಥವಾ ತಡವಾದವು. ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಕಂಪನಿಗಳು ಎಷ್ಟು ಕುರ್ಚಿ ಏರಿಸಿದೆವು, ಎಷ್ಟು ಕೆಡಿಸಿದೆವು ಎಂದು 2018ರ ಡಿಸೆಂಬರಿನಿಂದ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕಾಗಿದೆ. ಎಣಿಸಿದ್ದರಿಂದಲೇ ಜಗಳ ಆಡಲು ಅವರಿಗೆ ಒಂದು ಸಂಖ್ಯೆ ಸಿಕ್ಕಿತು.

ನಾಲ್ಕನೆಯದನ್ನು ಹೆಣ್ಣುಮಕ್ಕಳಿಗೆ ಹೇಳಬೇಕು, ಗಂಡಸರೂ ಓದಲಿ. ಸಣ್ಣ ವಿಮಾನದ ಶೌಚಾಲಯಕ್ಕೆ ನಮ್ಮಲ್ಲಿ ಬಹಳ ಜನ ಹೋಗಲಾರೆವು. ಅದಕ್ಕಾಗಿ ಹಿಂದಿನ ರಾತ್ರಿಯಿಂದ ನೀರು ಕುಡಿಯುವುದನ್ನೇ ಬಿಡುವವರನ್ನು ಕಂಡಿದ್ದೇನೆ, ನಾನೂ ಬಿಟ್ಟಿದ್ದೇನೆ. ಬೆನ್ನುಹುರಿ ಗಾಯವಾದವರಿಗೆ ಇದು ಮೂತ್ರದ ಸೋಂಕನ್ನು ಕರೆದು ಕೂರಿಸಿದಂತೆ. ನೀರು ಬಿಡಬೇಡಿ, ಟರ್ಮಿನಲ್ಲಿನ ಶೌಚಾಲಯವನ್ನು ಹತ್ತುವ ಮುನ್ನ ಬಳಸಿ, ಅದಕ್ಕೆ ಬೇಕಾದ ಸಮಯ ಕೇಳಿ ಪಡೆಯಿರಿ. ಎತ್ತಲೇಬೇಕಾದ ಪರಿಸ್ಥಿತಿ ಬಂದರೆ ಮಹಿಳಾ ಸಿಬ್ಬಂದಿಯನ್ನು ಕೇಳಿ, ಎಲ್ಲಿ ಹಿಡಿಯಬೇಕು ಎಂದು ನೀವೇ ಹೇಳಿ. ನಿಮ್ಮ ಮೈಯ ಬಗ್ಗೆ ಅಪ್ಪಣೆ ಕೊಡಬೇಕಾದವರು ನೀವು. ಭದ್ರತಾ ತಪಾಸಣೆಯಲ್ಲೂ ಮರೆಯ ಕೋಣೆ ಕೇಳಬಹುದು. ನರ್ತಕಿ ಸುಧಾ ಚಂದ್ರನ್ ತಮ್ಮ ಕೃತಕ ಕಾಲನ್ನು ಪ್ರತಿ ಸಲ ಬಿಚ್ಚಿಸುವ ನೋವನ್ನು 2021ರ ಅಕ್ಟೋಬರಿನಲ್ಲಿ ವಿಡಿಯೊದಲ್ಲಿ ಹೇಳಿಕೊಂಡಾಗ ಭದ್ರತಾ ಪಡೆ ಕ್ಷಮೆ ಕೇಳಿತು. ಹೆಸರಿದ್ದವರು ಕೇಳಿದ್ದು ಹೆಸರಿಲ್ಲದ ನಮಗೂ ಸಲ್ಲಬೇಕು.

ನಮ್ಮ ಮನೆಯವರಿಗೂ ಎರಡು ಮಾತು. ಅಮೆರಿಕಕ್ಕೆ ಹೋಗುವ ಅತ್ತೆ ಮಾವನಿಗೆ “ಭಾಷೆ ಬರೂದಿಲ್ಲ, ಸಾಲು ಉದ್ದ ಇರ್ತದ, ವೀಲ್‌ಚೇರ್ ಹಾಕಿಬಿಡ್ರಿ” ಎಂದು ಸಲಹೆ ಕೊಡುವವರು ನಮ್ಮ ನಡುವೆಯೇ ಇದ್ದಾರೆ. ದಾರಿ ತೋರಿಸುವ ನೆರವನ್ನು ಬೇರೆಯಾಗಿ ಕೇಳಬಹುದು, ಅದಕ್ಕೆ ಕುರ್ಚಿ ಬೇಕಿಲ್ಲ. ಕಾಲು ಗಟ್ಟಿ ಇದ್ದವರು ಕೂತ ಒಂದೊಂದು ಕುರ್ಚಿಯೂ ಎಲ್ಲೋ ಒಬ್ಬರನ್ನು ನಡೆಸುತ್ತದೆ. ಮುಂಬೈಯನ್ನು ನೆನೆಯಿರಿ.

ಇನ್ನೊಂದು: ಪ್ರಯಾಣ ಶುರುವಾಗುವುದು ಸರಡಗಿಯಲ್ಲಿ ಅಲ್ಲ, ಕಮಲಾಪುರದ ಬಸ್ ನಿಲ್ದಾಣದಲ್ಲಿ. ಇಲ್ಲಿಂದ ಮಹಾಗಾಂವ್ ಕ್ರಾಸ್, ಕುರಿಕೋಟಾ ಸೇತುವೆ ದಾಟಿ ಕಲಬುರಗಿ ಸೇರುವ ಬಸ್ಸಿನ ಮೆಟ್ಟಿಲು ಯಾವ ವಿಮಾನದ ಮೆಟ್ಟಿಲಿಗೂ ಕಡಿಮೆಯಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಮುಖ್ಯ ಕಚೇರಿ ಇರುವುದೇ ನಮ್ಮ ಕಲಬುರಗಿಯಲ್ಲಿ. ಅಂಗವಿಕಲರ ಪಾಸು 100 ಕಿಲೋಮೀಟರಿನವರೆಗೆ ಸಲ್ಲುತ್ತದೆ. ಪಾಸು ಇದೆ, ಹತ್ತಲು ದಾರಿ ಇಲ್ಲ. 2017ರ ಅಕ್ಟೋಬರಿನಲ್ಲಿ ಬೀದರ್ ಕಲಬುರಗಿ ರೈಲು ಮಾರ್ಗ ಶುರುವಾದಾಗ ಕಮಲಾಪುರಕ್ಕೂ ನಿಲ್ದಾಣ ಬಂತು, ನಾವು ಸಂಭ್ರಮಪಟ್ಟೆವು. ಆಟೊದಿಂದ ಆ ರೈಲಿನ ಸೀಟಿನವರೆಗೆ ಎಷ್ಟು ಮೆಟ್ಟಿಲು ಎಂದು ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟಿದ್ದೆ. ಅಳೆದು ಬಂದ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಕಟ್ಟುವಾಗ ನಿಮ್ಮನ್ನ ಯಾರೂ ಕೇಳ್ಲಿಲ್ಲೇನ್ರಿ?” ವಿಮಾನ, ರೈಲು, ಬಸ್ಸು ಮೂರಕ್ಕೂ ಸಲ್ಲುವ ಪ್ರಶ್ನೆ ಅದು. ಹಾಗಾಗಿ ವಿಮಾನ ಕೇಳುವುದೆಂದರೆ ಬಸ್ಸನ್ನು ಮರೆಯುವುದಲ್ಲ. ಒಂದು ಕಡೆ ಮೆಟ್ಟಿಲು ಇಳಿದರೆ ಇನ್ನೊಂದು ಕಡೆ ಕೇಳುವ ದನಿಗೆ ಬಲ ಬರುತ್ತದೆ.

“ನಿಮ್ಮದೇ ಕೊನೆಯ ಪೀಳಿಗೆ ಟೀಚರ್, ಆಮೇಲೆ ಯಾರಿಗೆ ಬೇಕು ಇದೆಲ್ಲ?” ಎಂದು ಒಬ್ಬ ಸ್ನೇಹಿತರು ಕೇಳಿದರು. ನಿಜ, ನಮ್ಮದು ಕೊನೆಯ ಪೋಲಿಯೊ ಪೀಳಿಗೆ. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಅದರಷ್ಟು ಸಂತೋಷದ ಸುದ್ದಿ ನನಗೆ ಬೇರೆ ಇಲ್ಲ. ಆದರೆ ಹೆದ್ದಾರಿಯ ಬೈಕ್ ಅಪಘಾತ, ಕಟ್ಟಡದಿಂದ ಬಿದ್ದ ಕೂಲಿ, ಪಾರ್ಶ್ವವಾಯು, ಮಂಡಿ ಸವೆದ ಮುಪ್ಪು ಇವಕ್ಕೆ ಲಸಿಕೆ ಬಂದಿಲ್ಲ. ಇವತ್ತು ನಕ್ಕವರ ಮನೆಯಲ್ಲೂ ನಾಳೆ ಒಂದು ಕುರ್ಚಿ ಬರಬಹುದು. ಆಗ ಅವರಿಗೆ ಇಳಿಜಾರು ಸಿದ್ಧವಾಗಿರಲಿ ಎಂದೇ ನಮ್ಮ ಹಾರೈಕೆ.

ಕೊನೆಗೆ ಒಂದು ಬೇಡಿಕೆ, ಅಧಿಕಾರಿಗಳಿಗಲ್ಲ, ನಿಮಗೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಲಾರಳು ಅಂತಾರೆ. ಕಚೇರಿಗಂತೂ ಅಳುವೂ ಕೇಳಿಸದು, ಅದಕ್ಕೆ ಕಾಗದ ಬೇಕು. ಹಾರಬೇಕೆಂದಿರುವವರು 48 ಗಂಟೆಯ ಪತ್ರವನ್ನು ತಪ್ಪದೆ ಬರೆಯಿರಿ. ಅದರ ಒಂದು ಪ್ರತಿ ನಿಲ್ದಾಣದ ಅಧಿಕಾರಿಗೆ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ ಕೊಡಿ. ದೂರಿದ್ದರೆ ಕೇಂದ್ರದ ಏರ್‌ಸೇವಾ ಜಾಲತಾಣದಲ್ಲಿ ದಾಖಲಿಸಿ, ಅಲ್ಲಿ ಆಗದಿದ್ದರೆ ಅಂಗವಿಕಲರ ಮುಖ್ಯ ಆಯುಕ್ತರಿಗೆ ಬರೆಯಿರಿ. ಹೋಗಲಾಗದೆ ಮನೆಯಲ್ಲೇ ಉಳಿದವರೂ ಬರೆಯಿರಿ: “ಇಂಥ ದಿನ ಹೋಗಬೇಕಿತ್ತು, ಹತ್ತುವ ವ್ಯವಸ್ಥೆ ಇಲ್ಲವೆಂದು ಹೋಗಲಿಲ್ಲ.” ಹೋದವರಷ್ಟೇ ಹೋಗದವರ ಸಂಖ್ಯೆಯೂ ಕಚೇರಿಯ ಕಡತದಲ್ಲಿ ಕೂರಬೇಕು. ವರ್ಷ ಕಳೆದ ಮೇಲೆ ಮುಂದಿನ ಪಟ್ಟಿ ತಯಾರಾಗುವಾಗ “ನಿಮ್ಮ ಕಡೆಯಿಂದ ಎಷ್ಟು ಮಂದಿ?” ಎಂದು ಯಾರಾದರೂ ಕೇಳಿದರೆ ನಮ್ಮ ಬಳಿ ಒಂದು ಅಂಕಿ ಇರಬೇಕು.

ಬೇಸಿಗೆ ರಜೆಗೆ ನಾನು ಬೆಂಗಳೂರಿಗೆ ಹೊರಡುವವಳಿದ್ದೇನೆ. ಕುರ್ಚಿಯ ಅಳತೆ, ಬ್ಯಾಟರಿಯ ಫೋಟೊ, ಡಬ್ಲ್ಯುಸಿಎಚ್‌ಸಿ ಎಂಬ ಗುರುತು ಇರುವ ಆರು ಸಾಲಿನ ಪತ್ರ ಬರೆದಿಟ್ಟಿದ್ದೇನೆ. ಶಿಬಿರದ ಆ ಹುಡುಗನಿಗೂ ಅದರ ನಕಲು ಕೊಟ್ಟಿದ್ದೇನೆ, ಹೆಸರು ಮತ್ತು ದಿನಾಂಕದ ಜಾಗ ಖಾಲಿ ಬಿಟ್ಟು. ನಿಮಗೆ ಬೇಕಾದರೆ ಕಮಲಾಪುರದ ಶಾಲೆಗೆ ಬನ್ನಿ. ಬಾಗಿಲಿಗೆ ಇಳಿಜಾರು ಇದೆ.

ನಿಮ್ಮವಳೇ,
ಕಮಲಾಪುರದ ಒಬ್ಬ ಗಣಿತ ಶಿಕ್ಷಕಿ